ಅರಿವಿನ ಹಸಿವೂ ಅರ್ಜಿಯ ಲೆಕ್ಕವೂ

ಮಾರ್ಚ್ ತಿಂಗಳ ಮೂರನೆಯ ವಾರ ಅಮೆರಿಕದ ವೈದ್ಯವಿದ್ಯಾರ್ಥಿಗಳ ಪಾಲಿಗೆ ಯಾವ ಪರೀಕ್ಷೆಯ ಫಲಿತಾಂಶಕ್ಕಿಂತಲೂ ದೊಡ್ಡದು. ಆ ದೇಶದಲ್ಲಿ ವೈದ್ಯಪದವಿ ಕೈಸೇರಿದ ಮಾತ್ರಕ್ಕೆ ಶಸ್ತ್ರವೈದ್ಯನಾಗಲು ಬರುವುದಿಲ್ಲ. ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ನಿಂತು ಹಿರಿಯರ ಕೈಕೆಳಗೆ ಕಲಿಯಬೇಕು. ಈ ತರಬೇತಿಗೆ ರೆಸಿಡೆನ್ಸಿ ಎಂದು ಹೆಸರು. ಸಾಮಾನ್ಯ ಶಸ್ತ್ರಚಿಕಿತ್ಸೆಗೂ ಎಲುಬು-ಕೀಲುಗಳ ಶಸ್ತ್ರಚಿಕಿತ್ಸೆಗೂ ಐದೈದು ವರ್ಷ, ಮೆದುಳು-ನರಗಳ ಶಸ್ತ್ರಚಿಕಿತ್ಸೆಗೆ ಏಳು ವರ್ಷ. ವಿದ್ಯಾರ್ಥಿ ತಾನು ಬಯಸುವ ಆಸ್ಪತ್ರೆಗಳನ್ನು ಕ್ರಮವಾಗಿ ಬರೆದುಕೊಡುತ್ತಾನೆ; ಆಸ್ಪತ್ರೆಗಳು ತಾವು ಬಯಸುವ ವಿದ್ಯಾರ್ಥಿಗಳನ್ನು ಕ್ರಮವಾಗಿ ಬರೆದುಕೊಡುತ್ತವೆ; ಗಣಕಯಂತ್ರವು ಎರಡು ಪಟ್ಟಿಗಳನ್ನೂ ಕೂಡಿಸುತ್ತದೆ. 1952ರಿಂದ ನಡೆದುಬಂದಿರುವ ಏರ್ಪಾಡು ಇದು. ವಧೂವರರ ಜಾತಕ ಕೂಡಿಸುವವರ ಗಣಿತಕ್ಕಿಂತ ಇದರ ಗಣಿತ ಬಹಳ ಶುದ್ಧವಾದದ್ದು. ಅದನ್ನು ಪರಿಷ್ಕರಿಸಿದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವೂ ದೊರೆಯಿತು. ಆ ವಾರದ ಸೋಮವಾರ, ಸ್ಥಾನ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ; ಎಲ್ಲಿ ಎಂಬುದು ತಿಳಿಯಲು ಶುಕ್ರವಾರದವರೆಗೆ ಕಾಯಬೇಕು.

ಈ ಮಾಸಪತ್ರಿಕೆಗೂ ಆ ದೂರದೇಶದ ಏರ್ಪಾಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ದಾವಣಗೆರೆಯಲ್ಲಿಯೋ ಬೆಳಗಾವಿಯಲ್ಲಿಯೋ ಮೈಸೂರಿನಲ್ಲಿಯೋ ವೈದ್ಯಪದವಿ ಪಡೆದು ಅಮೆರಿಕಕ್ಕೆ ಹೋದವರ ಮಕ್ಕಳು ಈಗ ಅಲ್ಲಿಯೇ ಹುಟ್ಟಿ ಬೆಳೆದು ವೈದ್ಯಶಾಸ್ತ್ರವನ್ನೋದುತ್ತಿದ್ದಾರೆ. ಇಲ್ಲಿಂದ ಹೊಸದಾಗಿ ಹೋಗುವ ತರುಣರೂ ಇದ್ದಾರೆ. ಅವರ ತಂದೆತಾಯಿಗಳು ಊರಿಗೆ ಬಂದಾಗ, ಇಲ್ಲವೆ ದೂರವಾಣಿಯಲ್ಲಿ, ನಮ್ಮೊಡನೆ ಆಡುವ ಮಾತುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಶಸ್ತ್ರವೈದ್ಯದ ತರಬೇತಿಗೆ ಸೇರಲು ಸಂಶೋಧನೆ ಎಷ್ಟು ಬೇಕು? ಎಷ್ಟು ಲೇಖನ ಪ್ರಕಟವಾಗಿರಬೇಕು? ಕೇಳುವವರು ಲೆಕ್ಕದ ಉತ್ತರವನ್ನು ಅಪೇಕ್ಷಿಸುತ್ತಾರೆ. ಲೆಕ್ಕವನ್ನು ಮುಚ್ಚಿಡುವುದು ಸರಿಯಲ್ಲ. ಆದಕಾರಣ ಮೊದಲು ಅದನ್ನೇ ಹೇಳುತ್ತೇವೆ.

ಅಮೆರಿಕದ ವೈದ್ಯರಲ್ಲಿ ಬಹುಪಾಲು ಮಂದಿ ಬರೆಯಬೇಕಾದ ಮೂರು ಹಂತಗಳ ಪರೀಕ್ಷೆಯುಂಟು. ಅದರ ಮೊದಲ ಹಂತದಲ್ಲಿ ಬಂದ ಅಂಕವನ್ನೇ ಬಹುಕಾಲ ತಕ್ಕಡಿಯನ್ನಾಗಿ ಮಾಡಿಕೊಂಡಿದ್ದರು. ವಿದ್ಯಾರ್ಥಿಗಳು ಆ ಒಂದು ಅಂಕಕ್ಕಾಗಿ ಎರಡು ವರ್ಷ ಬೇರೆಲ್ಲವನ್ನೂ ಮರೆಯುತ್ತಿದ್ದರೆಂಬ ಕಾರಣದಿಂದ 2022ರ ಜನವರಿಯಿಂದ ಅಂಕವನ್ನು ತೆಗೆದುಹಾಕಿ ಉತ್ತೀರ್ಣ, ಅನುತ್ತೀರ್ಣ ಎಂದಷ್ಟೇ ಹೇಳುವ ಪದ್ಧತಿ ಬಂದಿತು. ಉದ್ದೇಶ ಒಳ್ಳೆಯದೇ. ಆದರೆ ತೂಗುವವರಿಗೆ ತಕ್ಕಡಿ ಬೇಕೇ ಬೇಕಲ್ಲವೆ? ಎರಡನೆಯ ಹಂತದ ಅಂಕ ಉಳಿಯಿತು. ಅದರ ಜೊತೆಗೆ ಸಂಶೋಧನೆಯ ಪಟ್ಟಿಯ ಭಾರ ಹೆಚ್ಚಿತು. ಸಂಶೋಧನೆಯ ಪಟ್ಟಿ ಅದಕ್ಕೂ ಮೊದಲೇ ಬೆಳೆಯತೊಡಗಿತ್ತೆಂಬುದನ್ನೂ ಹೇಳಬೇಕು. ಈ ಜೋಡಣೆಯನ್ನು ನಡೆಸುವ ಸಂಸ್ಥೆಯೇ ಪ್ರಕಟಿಸುವ ವರದಿಗಳ ಪ್ರಕಾರ ಮೆದುಳು-ನರಗಳ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದ ಅಮೆರಿಕನ್ ವಿದ್ಯಾರ್ಥಿಗಳು ತಮ್ಮ ಅರ್ಜಿಯಲ್ಲಿ ಬರೆದ ಸಂಶೋಧನಾ ಬಾಬುಗಳ ಸರಾಸರಿ 2016ರಲ್ಲಿ ಸುಮಾರು 13 ಇದ್ದದ್ದು 2024ರ ವೇಳೆಗೆ 37ನ್ನು ಮೀರಿತು. ಪ್ಲಾಸ್ಟಿಕ್ ಸರ್ಜರಿಯಲ್ಲಿ 2022ರಲ್ಲಿಯೇ 28, ಎಲುಬು-ಕೀಲುಗಳ ವಿಭಾಗದಲ್ಲಿ 16ರ ಮೇಲೆ.

ಮೂವತ್ತೇಳು! ನಾಲ್ಕು ವರ್ಷಗಳ ಓದಿಗೆ ಹಂಚಿದರೆ ಹೆಚ್ಚುಕಡಿಮೆ ತಿಂಗಳಿಗೊಂದು. ವಿಶ್ವವಿದ್ಯಾನಿಲಯದಲ್ಲಿ ಒಂದು ಪಿಎಚ್‌ಡಿ ಪ್ರಬಂಧಕ್ಕಾಗಿ ಐದಾರು ವರ್ಷ ತಾಳೆಗರಿಗಳ ಮುಂದೆ ಕುಳಿತವರಿಗೆ ಈ ಸಂಖ್ಯೆ ಸಹಜವಾಗಿಯೇ ದಿಗಿಲು ಹುಟ್ಟಿಸುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಆ ಲೆಕ್ಕದಲ್ಲಿ ಪ್ರಕಟವಾದ ಲೇಖನ, ಸಮ್ಮೇಳನಕ್ಕೆ ಕಳುಹಿಸಿದ ಸಾರಾಂಶ, ಅಲ್ಲಿ ಮಾಡಿದ ಮಂಡನೆ ಈ ಮೂರನ್ನೂ ಕೂಡಿಸುತ್ತಾರೆ. ಒಂದೇ ಕೆಲಸ ಸಾರಾಂಶವಾಗಿ ಒಮ್ಮೆ, ಮಂಡನೆಯಾಗಿ ಒಮ್ಮೆ, ಲೇಖನವಾಗಿ ಮತ್ತೊಮ್ಮೆ ಎಣಿಕೆಗೆ ಬರಬಹುದು. ಒಂದೇ ಎತ್ತನ್ನು ಮೂರು ಸಂತೆಗೆ ಹೊಡೆದುಕೊಂಡು ಹೋಗಿ ಮೂರು ಎತ್ತೆಂದು ಬರೆಸಿದ ಹಾಗೆ. ಇದು ಮೋಸವಲ್ಲ, ನಿಯಮವೇ ಹಾಗಿದೆ. ಆದರೆ ಸಂಖ್ಯೆಯನ್ನು ಕೇಳಿ ಎದೆಗುಂದುವ ತಂದೆತಾಯಿಗಳು ಈ ನಿಯಮವನ್ನೂ ತಿಳಿದಿರಬೇಕು.

ಇನ್ನು ವಿಚಾರಕ್ಕೆ ಬರೋಣ. ಕತ್ತಿ ಹಿಡಿದು ಗಡ್ಡೆ ತೆಗೆಯುವವನಿಗೆ, ಮುರಿದ ಎಲುಬು ಕೂಡಿಸುವವನಿಗೆ ಸಂಶೋಧನೆಯಾದರೂ ಏಕೆ ಬೇಕು? ಕೈ ಪಳಗಿದ್ದರೆ ಸಾಲದೆ? ನಮ್ಮ ದೇಶದ ಸುಶ್ರುತನು ಶಿಷ್ಯನಿಗೆ ಕುಂಬಳ, ಸೋರೆ, ಕಲ್ಲಂಗಡಿಗಳ ಮೇಲೆ ಕತ್ತರಿಸುವ ಅಭ್ಯಾಸ ಮಾಡಿಸಬೇಕೆಂದು ವಿಧಿಸಿದವನು. ಕೈಯ ಕೌಶಲಕ್ಕೆ ಅವನು ಕೊಟ್ಟ ಬೆಲೆ ಅಷ್ಟು. ಆದರೆ ಅದೇ ಸುಶ್ರುತನು ಕರ್ಮ ಬಲ್ಲವನಿಗೆ ಶಾಸ್ತ್ರವೂ ತಿಳಿದಿರಬೇಕೆಂದು ಹಟ ಹಿಡಿದವನು. ಅದೇಕೆಂಬುದನ್ನು ಕಳೆದ ಶತಮಾನದ ಒಂದು ಕಥೆ ನಮಗೆ ಚೆನ್ನಾಗಿ ತಿಳಿಸುತ್ತದೆ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆಯಿತು. ಅಲ್ಲಿಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಮಹಾ ನಿಪುಣರು. ಈ ರೆಸಿಡೆನ್ಸಿ ಎಂಬ ಪದ್ಧತಿಯನ್ನು ಶಸ್ತ್ರವೈದ್ಯದಲ್ಲಿ ನೆಲೆಗೊಳಿಸಿದವರೂ ಅವರೇ. ಸ್ತನದ ಅರ್ಬುದರೋಗಕ್ಕೆ ಅವರು ಪ್ರಚುರಪಡಿಸಿದ ಚಿಕಿತ್ಸೆಯೆಂದರೆ ಸ್ತನವನ್ನಷ್ಟೇ ಅಲ್ಲ, ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವುದು. ಸುಮಾರು ಎಂಬತ್ತು ವರ್ಷ ಅದೇ ಸರಿಯೆಂದು ಪ್ರಪಂಚದಾದ್ಯಂತ ನಡೆಯಿತು. ಲಕ್ಷಾಂತರ ತಾಯಂದಿರು ಬದುಕಿದರೂ ತೋಳೆತ್ತಲಾರದೆ, ಊದಿದ ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಾಳಿದರು. ಅವರಿಗೆ ಶಸ್ತ್ರಕ್ರಿಯೆ ಮಾಡಿದವರೆಲ್ಲ ಕೈಪಳಗಿದವರೇ, ದಯೆಯುಳ್ಳವರೇ. ಇಷ್ಟೊಂದು ಕತ್ತರಿಸುವುದು ನಿಜವಾಗಿ ಬೇಕೇ ಎಂಬ ಪ್ರಶ್ನೆಯನ್ನು ಕೇಳಿದವರು ಇರಲಿಲ್ಲವೆಂದಲ್ಲ. ಆ ಪ್ರಶ್ನೆಗೆ ತೂಕದ ಉತ್ತರ ಸಿಗಬೇಕಾದರೆ ಬರ್ನಾರ್ಡ್ ಫಿಶರ್ ಎಂಬ ಶಸ್ತ್ರವೈದ್ಯರು 1971ರಲ್ಲಿ ಆರಂಭಿಸಿದ ಪರೀಕ್ಷಣಕ್ಕೆ ಕಾಯಬೇಕಾಯಿತು. ಒಂದೂವರೆ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ವರ್ಷಾನುಗಟ್ಟಲೆ ಅವರ ಬದುಕನ್ನು ಹಿಂಬಾಲಿಸಿ, ಕಡಮೆ ಕತ್ತರಿಸಿದರೂ ಆಯುಷ್ಯ ಕುಗ್ಗುವುದಿಲ್ಲವೆಂದು ಅವರು ತೋರಿಸಿದರು. ಇಪ್ಪತ್ತೈದು ವರ್ಷಗಳ ಫಲವನ್ನು 2002ರಲ್ಲಿ ಪ್ರಕಟಿಸಿದಾಗಲೂ ಮಾತು ಬದಲಾಗಲಿಲ್ಲ. ತಮ್ಮ ವೃತ್ತಿಬಾಂಧವರೇ ಅವರನ್ನು ಬಹಳ ಕಾಲ ಟೀಕಿಸಿದರು. ಗುರು ಹೇಳಿದ್ದನ್ನು ಪ್ರಶ್ನಿಸುವ ಶಿಷ್ಯನ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುತ್ತದೆ.

ಆದಕಾರಣ ತರಬೇತಿಗೆ ಆರಿಸುವವರು ಅಭ್ಯರ್ಥಿಯಲ್ಲಿ ಪ್ರಶ್ನಿಸುವ ಬುದ್ಧಿಯನ್ನು ಹುಡುಕಿದರೆ ಅದು ನ್ಯಾಯವಾದುದೇ. ನಮ್ಮ ದೇಹವನ್ನು ಯಾರ ಕತ್ತಿಗೆ ಒಪ್ಪಿಸುತ್ತೇವೆಯೋ ಅವರು ತಮ್ಮ ವಿದ್ಯೆಯನ್ನು ತಾವೇ ಸಂಶಯಿಸಬಲ್ಲವರಾಗಿರಬೇಕು. ಇದರಲ್ಲಿ ಎರಡು ಮಾತಿಲ್ಲ. ಎರಡನೆಯ ಮಾತು ಹುಟ್ಟುವುದು, ಆ ಪ್ರಶ್ನಿಸುವ ಬುದ್ಧಿಯನ್ನು ಅಳೆಯಲು ಅರ್ಜಿಯ ಸಾಲುಗಳನ್ನು ಎಣಿಸತೊಡಗಿದಾಗ.

ಎಣಿಕೆ ಯಾವುದನ್ನು ಬಿಟ್ಟುಬಿಡುತ್ತದೆಂಬುದಕ್ಕೆ ಅದೇ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿಯೇ ಒಂದು ನಿದರ್ಶನವುಂಟು. ವಿವಿಯನ್ ಥಾಮಸ್ ಎಂಬ ಕರಿಯ ತರುಣ. ಬಡಗಿಯ ಮಗ, ತಾನೂ ಬಡಗಿ. ವೈದ್ಯನಾಗಬೇಕೆಂದು ಓದಿಗಾಗಿ ಕೂಡಿಟ್ಟ ಹಣ 1930ರ ಆರ್ಥಿಕ ಕುಸಿತದಲ್ಲಿ ಬ್ಯಾಂಕು ಮುಳುಗಿ ಹೋಯಿತು. ಹೊಟ್ಟೆಪಾಡಿಗೆ ಆಲ್‌ಫ್ರೆಡ್ ಬ್ಲಾಲಾಕ್ ಎಂಬ ಶಸ್ತ್ರವೈದ್ಯರ ಪ್ರಯೋಗಶಾಲೆಯಲ್ಲಿ ಆ ಮೊದಲೇ ಸೇರಿದ್ದ. ಮಾಡುತ್ತಿದ್ದದ್ದು ಪ್ರಯೋಗ, ಸಂಬಳದ ಪಟ್ಟಿಯಲ್ಲಿ ಹೆಸರಿದ್ದದ್ದು ಕಸಗುಡಿಸುವವರ ಸಾಲಿನಲ್ಲಿ. ಹುಟ್ಟಿನಿಂದಲೇ ಹೃದಯದ ರಚನೆ ಕೆಟ್ಟು ಮೈಯೆಲ್ಲ ನೀಲಿಗಟ್ಟುತ್ತಿದ್ದ ಮಕ್ಕಳು ಆ ಕಾಲದಲ್ಲಿ ಬಹಳ ದಿನ ಬದುಕುತ್ತಿರಲಿಲ್ಲ. ಶ್ವಾಸಕೋಶಕ್ಕೆ ಹೋಗುವ ರಕ್ತವನ್ನು ಹೆಚ್ಚಿಸಿದರೆ ಅವರು ಉಳಿಯಬಹುದೆಂದು ಹೆಲೆನ್ ಟೌಸಿಗ್ ಎಂಬ ಮಕ್ಕಳ ವೈದ್ಯೆ ಹೇಳಿದರು. ಆ ರೋಗವನ್ನು ನಾಯಿಯಲ್ಲಿ ಹುಟ್ಟಿಸುವುದು ಹೇಗೆ, ಅದನ್ನು ಸರಿಪಡಿಸುವುದು ಹೇಗೆ, ಅಷ್ಟು ಚಿಕ್ಕ ರಕ್ತನಾಳಗಳನ್ನು ಒಂದಕ್ಕೊಂದು ಹೊಲಿಯುವುದು ಯಾವ ಸೂಜಿಯಿಂದ ಎಂಬುದನ್ನೆಲ್ಲ ಸುಮಾರು ಇನ್ನೂರು ನಾಯಿಗಳ ಮೇಲೆ ಕೆಲಸ ಮಾಡಿ ಕಂಡುಕೊಂಡವನು ಥಾಮಸ್. (ಆ ಮೂಕಪ್ರಾಣಿಗಳ ವಿಷಯ ವಾಚಕರ ಮನಸ್ಸನ್ನು ಚುಚ್ಚದೆ ಇರದು. ಅದು ಬೇರೆಯದೇ ಆದ ಒಂದು ದೊಡ್ಡ ಧರ್ಮಪ್ರಶ್ನೆ. ಇನ್ನೊಂದು ಸಂಚಿಕೆಗೆ ಇರಲಿ.) 1944ರ ನವೆಂಬರ್ 29ರಂದು ಹದಿನೈದು ತಿಂಗಳ ಒಂದು ಹೆಣ್ಣುಶಿಶುವಿನ ಮೇಲೆ ಬ್ಲಾಲಾಕ್ ಆ ಶಸ್ತ್ರಕ್ರಿಯೆಯನ್ನು ಮೊದಲ ಬಾರಿಗೆ ಮಾಡಿದರು. ಆಗ ಥಾಮಸ್ ಅವರ ಹಿಂದೆ ಒಂದು ಮಣೆಯ ಮೇಲೆ ನಿಂತು, ಅವರ ಹೆಗಲ ಮೇಲಿಂದ ನೋಡುತ್ತಾ, ಹೊಲಿಗೆ ಎಲ್ಲಿ ಹೇಗೆ ಬೀಳಬೇಕೆಂದು ಹೇಳುತ್ತಿದ್ದನು. 1945ರಲ್ಲಿ ಆ ಸಾಧನೆಯ ವರದಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರು ಬ್ಲಾಲಾಕ್ ಮತ್ತು ಟೌಸಿಗ್. ಥಾಮಸ್‌ನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಇಂದಿನ ಅರ್ಜಿಯ ಕಣ್ಣಿನಿಂದ ನೋಡಿದರೆ 1945ರಲ್ಲಿ ಆ ಮಹತ್ಕಾರ್ಯಕ್ಕಾಗಿ ಥಾಮಸ್‌ನ ಖಾತೆಗೆ ಬಂದದ್ದು ಸೊನ್ನೆ. ಅವನು ಪ್ರಯೋಗಶಾಲೆಯನ್ನು ಬಿಡಲಿಲ್ಲ. ಮುಂದಿನ ದಶಕಗಳಲ್ಲಿ ಹೆಸರಾಂತ ಶಸ್ತ್ರವೈದ್ಯರಾದ ಎಷ್ಟೋ ಮಂದಿಗೆ ಹೊಲಿಗೆ ಕಲಿಸಿದನು. 1976ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು. ಈಗ ಆ ಶಸ್ತ್ರಕ್ರಿಯೆಯ ಹೆಸರಿನಲ್ಲಿ ಅವನ ಹೆಸರನ್ನೂ ಸೇರಿಸಿ ಹೇಳುವ ರೂಢಿ ಬೆಳೆಯುತ್ತಿದೆ. ಇದನ್ನು ಕೇಳಿ ಫಲಾಪೇಕ್ಷೆಯಿಲ್ಲದ ಕಾಯಕವೆಂದರೆ ಇದೇ ಎಂದು ಸಂತೋಷಪಟ್ಟು ಕೈತೊಳೆದುಕೊಳ್ಳುವುದು ನಮಗೆ ಸುಲಭ. ಹಾಗೆ ಮಾಡಬಾರದು. ಹೆಸರನ್ನು ಬಿಟ್ಟದ್ದು ಅನ್ಯಾಯವೇ. ದುಡಿದವನ ಹೆಸರನ್ನು ನುಂಗುವುದೂ ದುಡಿಯದವನ ಹೆಸರನ್ನು ಸೇರಿಸುವುದೂ ಒಂದೇ ಸುಳ್ಳಿನ ಎರಡು ಮುಖಗಳು.

ಇನ್ನೊಂದು ನಿದರ್ಶನ ನಮ್ಮ ನಾಡಿಗೇ ಹತ್ತಿರದ್ದು. 1792ರಲ್ಲಿ ಮುಗಿದ ಮೈಸೂರು ಯುದ್ಧದಲ್ಲಿ ಕಂಪನಿಯ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬನು ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದನು. ನೋಡಿದ ಇಂಗ್ಲಿಷ್ ವೈದ್ಯರು ಬೆರಗಾದರು. ಅದರ ವರ್ಣನೆ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದರಿಂದ ಪ್ರೇರಿತರಾದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯರು 1814ರಲ್ಲಿ ತಾವೂ ಅದನ್ನು ಮಾಡಿ, 1816ರಲ್ಲಿ ಪುಸ್ತಕ ಬರೆದರು. ಇಂದು ಅತಿ ಕಠಿಣ ಸ್ಪರ್ಧೆಯುಳ್ಳ ಪ್ಲಾಸ್ಟಿಕ್ ಸರ್ಜರಿಯ ಆಧುನಿಕ ಚರಿತ್ರೆಯಲ್ಲಿ ಈ ಘಟನೆಗೆ ದೊಡ್ಡ ಸ್ಥಾನವಿದೆ. ಕಾರ್ಪ್ಯೂ ಹೆಸರು ಉಳಿಯಿತು, ಕಾವಸ್‌ಜಿಯ ಹೆಸರೂ ಉಳಿಯಿತು. ಮೂಗು ಕಟ್ಟಿದವನ ಹೆಸರನ್ನು ಆ ಪತ್ರಿಕೆ ಹೇಳಲಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಆ ಪತ್ರಿಕೆಯ ಬರಹವಿಲ್ಲದಿದ್ದರೆ ಪುಣೆಯ ವಿದ್ಯೆ ಲಂಡನ್ನಿಗೆ ಹೋಗುತ್ತಿದ್ದುದೆಂತು? ತಲೆತಲಾಂತರದಿಂದ ಮನೆತನದೊಳಗೇ ಕಾಪಾಡಿಕೊಂಡ ವಿದ್ಯೆ ಆ ಮನೆತನದ ಕೊನೆಯವನೊಡನೆ ಮಣ್ಣಾಗುತ್ತದೆ. ನಮ್ಮಲ್ಲಿ ಎಷ್ಟು ನಾಟಿವೈದ್ಯಗಳು, ಎಷ್ಟು ಎಲುಬು ಕೂಡಿಸುವ ಕೈಗಳು ಹೀಗೆ ಹೋಗಿಬಿಟ್ಟಿಲ್ಲ! ಬರೆದು ಪ್ರಕಟಿಸುವುದೆಂದರೆ ತಾನು ಕಂಡುಕೊಂಡದ್ದನ್ನು ಗುರುತುಪರಿಚಯವಿಲ್ಲದ ರೋಗಿಗೂ ಸಲ್ಲುವಂತೆ ಮಾಡುವುದು. ಅದು ಅನ್ನದಾಸೋಹದಂಥ ದೊಡ್ಡ ಕೆಲಸ. ಎಲೆಗಳನ್ನು ಹಾಸಿ, ಎಷ್ಟು ಎಲೆ ಹಾಸಿದೆನೆಂದು ಲೆಕ್ಕ ಬರೆಸಿ, ಅನ್ನ ಬಡಿಸದೆ ಎದ್ದುಹೋದರೆ ಅದನ್ನು ದಾಸೋಹವೆನ್ನಲಾದೀತೆ? ಈಗ ಪ್ರಕಟವಾಗುತ್ತಿರುವ ಎಷ್ಟೋ ವಿದ್ಯಾರ್ಥಿಲೇಖನಗಳ ಸ್ಥಿತಿ ಹೀಗಿದೆ. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜಾಲಾಡಿ ಒಂದು ಕೋಷ್ಟಕ. ಅದನ್ನೇ ತುಸು ತಿರುಗಿಸಿ ಇನ್ನೊಂದು. ಓದುವವರಿಲ್ಲ, ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ನೀತಿಯನ್ನು ಕುರಿತು ಬರೆಯುತ್ತ, ಯಾವುದೊಂದು ಅಳತೆಯನ್ನು ಹಿಡಿದು ನಿಯಂತ್ರಿಸಹೊರಟರೂ ಆ ಅಳತೆ ತನ್ನ ನಿಜವನ್ನು ಕಳೆದುಕೊಳ್ಳುವುದೆಂಬ ಅರ್ಥದ ಮಾತನ್ನಾಡಿದ್ದರು. ಅದು ಬ್ಯಾಂಕುಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಈಗ ನಾವು ಹೇಳಬೇಕೆಂದಿದ್ದ ಕಹಿ ಮಾತಿಗೆ ಬಂದೆವು. ಕೆಲವು ಭಕ್ತರು ಸಂಶೋಧನೆ ಎಷ್ಟು ಬೇಕೆಂದು ಕೇಳಿ ಸುಮ್ಮನಾಗುವುದಿಲ್ಲ. "ಬುದ್ಧೀ, ಇಂಥ ಡಾಕ್ಟರು ಮಠದ ಶಿಷ್ಯರೇ ಅಲ್ಲವೆ, ತಾವು ಒಂದು ಮಾತು ಹೇಳಿದರೆ ನಮ್ಮ ಹುಡುಗನ ಹೆಸರನ್ನು ಅವರ ಲೇಖನದಲ್ಲಿ ಸೇರಿಸಿಕೊಳ್ಳುತ್ತಾರೆ, ಅವರಿಗೇನೂ ನಷ್ಟವಿಲ್ಲ" ಎನ್ನುತ್ತಾರೆ. ಒಬ್ಬರಲ್ಲ, ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಹಲವರು. ಇವರು ಕೆಟ್ಟವರಲ್ಲ. ಅಂಗಡಿಯ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪದವರು, ಮಠಕ್ಕೆ ಕೊಟ್ಟ ಮಾತಿಗೆ ಎಂದೂ ತಪ್ಪದವರು. ಮಗನ ಬಾಳಿನ ಪ್ರಶ್ನೆ ಬಂದಾಗ ಹೆಸರು ಸೇರಿಸುವುದು ಅವರಿಗೆ ಮದುವೆಯ ಕರೆಯೋಲೆಯಲ್ಲಿ ನೆಂಟರ ಹೆಸರು ಸೇರಿಸಿದಷ್ಟು ನಿರಪಾಯವಾಗಿ ಕಾಣುತ್ತದೆ. ನಾವು ಆ ಮಾತನ್ನು ಯಾವ ವೈದ್ಯರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇದರಿಂದ ಒಂದಿಬ್ಬರು ಮನಸ್ಸಿನಲ್ಲಿ ನೊಂದುಕೊಂಡಿರುವುದೂ ಗೊತ್ತು. ಅವರಿಗೆ ಕಾರಣ ಹೇಳುವ ಋಣ ನಮ್ಮ ಮೇಲಿದೆ.

ವೈದ್ಯಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೊಂದುಂಟು. 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಮೊದಲು ಸೇರಿತು. ಲೇಖಕನೆನಿಸಿಕೊಳ್ಳಬೇಕಾದವನು ಆ ಕೆಲಸದ ಯೋಜನೆಯಲ್ಲಿಯೋ ಮಾಹಿತಿಯ ಸಂಗ್ರಹ, ವಿವೇಚನೆಗಳಲ್ಲಿಯೋ ಗಣನೀಯ ಪಾಲು ಹೊಂದಿರಬೇಕು, ಬರೆಯುವುದರಲ್ಲಿ ಇಲ್ಲವೆ ತಿದ್ದುವುದರಲ್ಲಿ ಭಾಗಿಯಾಗಿರಬೇಕು, ಕೊನೆಯ ಪಾಠಕ್ಕೆ ಒಪ್ಪಿಗೆಯಿತ್ತಿರಬೇಕು. ಇವಲ್ಲದೆ ಆ ಬರಹದ ಸತ್ಯಾಸತ್ಯಗಳಿಗೆ ತಾನು ಹೊಣೆಯೆಂದು ಒಪ್ಪಿರಬೇಕು. ಈ ನಾಲ್ಕನೆಯ ನಿಬಂಧನೆಯನ್ನು 2013ರಲ್ಲಿ ಸೇರಿಸಿದರು. ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯ. ಒಂದು ಔಷಧ, ಒಂದು ಹೊಲಿಗೆ, ಒಂದು ಕೃತಕ ಕೀಲು ಒಳ್ಳೆಯದೆಂದು ಲೇಖನ ಹೇಳುತ್ತದೆ; ಅದನ್ನು ನಂಬಿ ಎಲ್ಲಿಯೋ ಒಬ್ಬ ವೈದ್ಯ ಯಾರದೋ ತಾಯಿಯ ಮೊಣಕಾಲಿಗೆ ಅದನ್ನು ಜೋಡಿಸುತ್ತಾನೆ. ಲೇಖನದ ಕೆಳಗಿನ ಹೆಸರೆಂದರೆ ಆ ತಾಯಿಗೆ ಕೊಟ್ಟ ಸಾಕ್ಷಿ. ನೋಡದ ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ನಿಮ್ಮ ಮಗನನ್ನು ಕಳುಹಿಸುತ್ತೀರಾ ಎಂದು ಕೇಳಿದರೆ ಆ ತಂದೆ ಸಿಟ್ಟಾಗುತ್ತಾರೆ. ಇಲ್ಲಿ ಕಳುಹಿಸಲು ಸಿದ್ಧರಿದ್ದಾರೆ.

ಸುಳ್ಳು ಸಾಲುಗಳು ಅಪರೂಪವಲ್ಲವೆಂಬುದು ಅಮೆರಿಕದವರಿಗೇ ಬಹಳ ಹಿಂದೆ ಗೊತ್ತಾಗಿದೆ. ಎಲುಬು-ಕೀಲುಗಳ ಶಸ್ತ್ರವೈದ್ಯದ ಒಂದು ತರಬೇತಿಗೆ ಬಂದ ಅರ್ಜಿಗಳನ್ನು ಪರಿಶೀಲಿಸಿದವರು 1999ರಲ್ಲಿ ಪ್ರಕಟಿಸಿದ ವರದಿಯಂತೆ, ತಾಳೆ ನೋಡಲು ಸಾಧ್ಯವಾದ 76 ಉಲ್ಲೇಖಗಳಲ್ಲಿ 14 ನಿಜಕ್ಕೆ ಹೊಂದುತ್ತಿರಲಿಲ್ಲ. ಕೆಲವು ಲೇಖನಗಳೇ ಇರಲಿಲ್ಲ. ಕೆಲವದರಲ್ಲಿ ಅಭ್ಯರ್ಥಿಯ ಹೆಸರಿರಲಿಲ್ಲ. ಗಮನಿಸಬೇಕು: ಆಗ ಪಟ್ಟಿಗಳು ಇಷ್ಟು ಉದ್ದವಿರಲಿಲ್ಲ.

"ಎಲ್ಲರೂ ಮಾಡುತ್ತಿರುವಾಗ ನನ್ನ ಮಗನೊಬ್ಬನೇ ಸತ್ಯ ಹಿಡಿದು ಕುಳಿತರೆ ಸ್ಥಾನ ತಪ್ಪುವುದಿಲ್ಲವೆ?" ಎಂಬ ಪ್ರತಿವಾದ ಬರುತ್ತದೆ. ಸತ್ಯ ಹಿಡಿದವನಿಗೆ ಸ್ಥಾನ ಸಿಕ್ಕೇ ಸಿಗುತ್ತದೆಂದು ನಾವು ಭರವಸೆ ಕೊಡಲಾರೆವು. ಹಾಗೆ ಹೇಳುವ ಉಪದೇಶಕರು ಇದ್ದಾರೆ. ಅವರ ಮಾತು ಕಿವಿಗೆ ಹಿತ, ಆದರೆ ಸತ್ಯಕ್ಕೆ ಲಾಭವನ್ನು ಕಟ್ಟಿ ಮಾರಿದ ಹಾಗೆ. ಸ್ಥಾನ ತಪ್ಪಬಹುದು. ಮೆದುಳು-ನರಗಳ ಶಸ್ತ್ರಚಿಕಿತ್ಸೆಗೆ ಇಡೀ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 240 ಸ್ಥಾನಗಳು. ಹಗಲಿರುಳು ದುಡಿದ ಪ್ರಾಮಾಣಿಕ ಹುಡುಗಿಯೊಬ್ಬಳು ಎರಡು ಲೇಖನ ಕಡಮೆಯಾಯಿತೆಂದು ಹೊರಗುಳಿದರೆ ಆ ನೋವು ನಿಜವಾದದ್ದು. ಮಠಾಧಿಪತಿಯ ಸಮಾಧಾನದ ಮಾತಿನಿಂದ ಅದು ಮಾಯುವುದಿಲ್ಲ. ಆದರೂ ತಂದೆತಾಯಿಗಳು ಯೋಚಿಸಬೇಕಾದ ಒಂದು ಅಂಶವಿದೆ. ಶಸ್ತ್ರವೈದ್ಯನ ಕೆಲಸ ಮುಚ್ಚಿದ ಬಾಗಿಲಿನೊಳಗೆ ನಡೆಯುವಂಥದು, ರೋಗಿ ಮೂರ್ಛೆಯಲ್ಲಿರುತ್ತಾನೆ. ಒಳಗೆ ಕೈತಪ್ಪಿ ನಾಳವೊಂದು ಹರಿದರೆ ಅದನ್ನು ದಾಖಲೆಯಲ್ಲಿ ಬರೆಯಬೇಕಾದವನೂ ಹೊರಗೆ ಕಾದಿರುವ ಬಂಧುಗಳಿಗೆ ಹೇಳಬೇಕಾದವನೂ ಅವನೇ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಒಂದು ಸಾಲಿಗಾಗಿ ಸುಳ್ಳು ಬರೆದ ಕೈ ಆ ಹೊತ್ತಿನಲ್ಲಿ ಏನು ಬರೆದೀತು? ಸತ್ಯವನ್ನೇ ಬರೆಯಬಹುದು. ಆದರೆ ಅದಕ್ಕೆ ಆ ಕೈ ಪಳಗಿಲ್ಲ. ಸುಶ್ರುತನ ಕುಂಬಳಕಾಯಿಯ ಅಭ್ಯಾಸ ಕತ್ತಿಗೆ ಮಾತ್ರವೇ ಬೇಕಾದದ್ದೆ?

ಹಾಗಾದರೆ ನಿಜವಾಗಿ ಎಷ್ಟು ಬೇಕು? ನಾವು ಅಲ್ಲಿಯ ಶಸ್ತ್ರವೈದ್ಯರಾದ ಮಠದ ಹಳೆಯ ವಿದ್ಯಾರ್ಥಿಗಳೊಡನೆ ಮಾತನಾಡಿದ್ದೇವೆ, ಪ್ರಕಟವಾದ ಸಮೀಕ್ಷೆಗಳನ್ನೂ ನೋಡಿದ್ದೇವೆ. ಸಂಶೋಧನೆಯ ಸಾಲುಗಳು ಹೊರಬಾಗಿಲನ್ನು ತೆರೆಯುತ್ತವೆ. ಒಂದೂ ಇಲ್ಲದವನಿಗೆ ಈ ಕಠಿಣ ವಿಭಾಗಗಳಲ್ಲಿ ಒಳಗೆ ಕರೆಬರುವುದೇ ಕಷ್ಟ. ದೊಡ್ಡ ವಿಶ್ವವಿದ್ಯಾನಿಲಯಗಳ ಆಸ್ಪತ್ರೆಗಳಲ್ಲಿ ಈ ಮಾತು ಹೆಚ್ಚು ನಿಜ, ಊರ ಆಸ್ಪತ್ರೆಗಳಲ್ಲಿ ಅಷ್ಟಿಲ್ಲ. ಆದರೆ ಒಳಗೆ ಹೋದಮೇಲೆ ಬೇರೆಯವು ಮುಂದಾಗುತ್ತವೆ. ಎಲುಬು-ಕೀಲುಗಳ ವಿಭಾಗದ ತರಬೇತಿಯ ಮುಖ್ಯಸ್ಥರನ್ನು ಕೇಳಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಮೇಲೆ ಬರುವುದು, ಅಭ್ಯರ್ಥಿಯು ತಮ್ಮದೇ ಆಸ್ಪತ್ರೆಯಲ್ಲಿ ಕೆಲವು ವಾರ ಬಂದು ಕೆಲಸ ಮಾಡಿದಾಗ ಹೇಗೆ ನಡೆದುಕೊಂಡ ಎಂಬುದು. ಬೆಳಿಗ್ಗೆ ಐದಕ್ಕೆ ಬಂದನೆ, ದಾದಿಯರೊಡನೆ ಹೇಗೆ ಮಾತನಾಡಿದ, ತಿಳಿಯದ್ದನ್ನು ತಿಳಿಯದೆಂದು ಹೇಳಿದನೆ, ಇವೆಲ್ಲ ಪಟ್ಟಿಯಲ್ಲಿ ಕಾಣುವಂಥವಲ್ಲ. ಹತ್ತಿರದಿಂದ ಬಲ್ಲ ಹಿರಿಯರು ಬರೆದ ಶಿಫಾರಸು ಪತ್ರಕ್ಕೂ ಬಹಳ ಬೆಲೆ. ಅಂಥ ಪತ್ರ ಹುಟ್ಟುವುದು ಒಬ್ಬ ಹಿರಿಯರೊಡನೆ ಒಂದೇ ಪ್ರಶ್ನೆಯ ಮೇಲೆ ಎರಡು ವರ್ಷ ಕುಳಿತಾಗಲೇ ಹೊರತು, ಹನ್ನೆರಡು ಮಂದಿಯ ಹನ್ನೆರಡು ಲೇಖನಗಳಲ್ಲಿ ಆರನೆಯ ಹೆಸರಾದಾಗಲ್ಲ. ಸಂದರ್ಶನದಲ್ಲಿಯೂ ಅಷ್ಟೆ: ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು "ಇದರಲ್ಲಿ ನೀನು ಕಂಡುಕೊಂಡದ್ದೇನು?" ಎಂದು ಕೇಳಿದಾಗ ಐದು ನಿಮಿಷ ಉತ್ಸಾಹದಿಂದ ಮಾತನಾಡಬಲ್ಲವನಿಗೆ ಆ ಒಂದು ಸಾಲೇ ಸಾಕಾಗುತ್ತದೆ.

ನಮ್ಮ ದೇಶದಲ್ಲಿ ಈ ತೊಡಕಿಲ್ಲವೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ಇಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ನೀಟ್ ಪರೀಕ್ಷೆಯ ಶ್ರೇಯಾಂಕವೇ ಸರ್ವಸ್ವ. 2024ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವೈದ್ಯರು ಅದನ್ನು ಬರೆದರು. ಮೂರೂವರೆ ಗಂಟೆ, ಇನ್ನೂರು ಪ್ರಶ್ನೆ. ರೋಗಿಯ ಹಾಸಿಗೆಯ ಬಳಿ ಏಳುವ ಪ್ರಶ್ನೆಗಳನ್ನು ಬೆನ್ನಟ್ಟಿದ ಹುಡುಗನಿಗೆ ಅಲ್ಲಿ ಅರ್ಧ ಅಂಕವೂ ಹೆಚ್ಚಿಗೆ ಸಿಗದು. ಸೇರಿದ ಮೇಲೆ ಪ್ರಬಂಧ ಕಡ್ಡಾಯ. ಹಿಂದಿನವರ ಪ್ರಬಂಧದಲ್ಲಿ ಊರಿನ ಹೆಸರನ್ನೂ ವರ್ಷವನ್ನೂ ಬದಲಿಸಿದಂಥವು ಎಷ್ಟು ಬರುತ್ತವೆಂಬುದನ್ನು ಪರೀಕ್ಷಕರೇ ನಗುತ್ತ ಹೇಳುತ್ತಾರೆ. ಅಲ್ಲಿ ಎಣಿಕೆಯಿಂದ ಕೆಟ್ಟದ್ದು ಇಲ್ಲಿ ಉದಾಸೀನದಿಂದ ಕೆಟ್ಟಿದೆ. ಎರಡರಲ್ಲಿ ಯಾವುದು ಮೇಲೆಂದು ಹೇಳಲು ನಮಗೆ ಮನಸ್ಸಿಲ್ಲ.

ಇಲ್ಲಿಂದ ಹೋಗುವ ತರುಣರ ಕಷ್ಟ ಮತ್ತೂ ಬೇರೆ. ವಿದೇಶದಲ್ಲಿ ಪದವಿ ಪಡೆದವರಿಗೆ ಶಸ್ತ್ರವೈದ್ಯದ ಬಾಗಿಲು ಕಿರಿದು. ಅವರಲ್ಲಿ ಹಲವರು ಸಂಬಳವಿಲ್ಲದೆ, ಇಲ್ಲವೆ ಬಾಡಿಗೆಗೂ ಸಾಲದ ಸಂಬಳಕ್ಕೆ, ಒಂದೆರಡು ವರ್ಷ ಯಾವುದಾದರೂ ವಿಭಾಗದಲ್ಲಿ ಸಂಶೋಧನೆಗೆ ದುಡಿಯುತ್ತಾರೆ. ಊರಿನಲ್ಲಿ ಹೊಲ ಅಡವಿಟ್ಟು ಕಳುಹಿಸಿದವರಿದ್ದಾರೆ. ಹಣವಂತರ ಮಕ್ಕಳಿಗೆ ಒಂದು ವರ್ಷ ಬಿಡುವು ಮಾಡಿಕೊಂಡು ಪಟ್ಟಿ ಬೆಳೆಸುವುದು ಕಷ್ಟವಲ್ಲ. ಬಡವರಿಗೆ ಆ ವರ್ಷವೇ ಸಾಲವಾಗಿ ಬೆಳೆಯುತ್ತದೆ. ಅಂಕದ ತಕ್ಕಡಿಯನ್ನು ತೆಗೆದಾಗ ಇದನ್ನು ಎಷ್ಟು ಮಂದಿ ಯೋಚಿಸಿದ್ದರೋ! ಅರ್ಜಿಯಲ್ಲಿ ಉತ್ತಮವಾದ ಮೂರೋ ಐದೋ ಕೆಲಸಗಳನ್ನು ಮಾತ್ರ ಬರೆಯುವಂತೆ ಮಿತಿ ಹಾಕಬೇಕೆಂದು ಅಲ್ಲಿಯ ಕೆಲವು ಶಸ್ತ್ರವೈದ್ಯರು ಸೂಚಿಸುತ್ತಿದ್ದಾರೆ. ಆ ಸೂಚನೆ ನಮಗೆ ಒಪ್ಪಿಗೆಯಾಗಿದೆ. ಅಲ್ಲಿ ಆಯ್ಕೆಯ ಸಮಿತಿಗಳಲ್ಲಿ ಕುಳಿತಿರುವ ಮಠದ ಹಳೆಯ ವಿದ್ಯಾರ್ಥಿಗಳು ಈ ಪುಟವನ್ನು ಓದುತ್ತಿದ್ದರೆ ಅವರು ಆ ಸೂಚನೆಗೆ ದನಿಗೂಡಿಸಬೇಕೆಂದು ಕೇಳುತ್ತೇವೆ. ತಮ್ಮ ವಿಭಾಗದಲ್ಲಿ ಬಿಟ್ಟಿ ದುಡಿಯುತ್ತಿರುವ ತರುಣನಿಗೆ ಒಂದು ಹೊತ್ತಿನ ಊಟವನ್ನೂ, ಅವನು ದುಡಿದ ಲೇಖನದಲ್ಲಿ ಅವನಿಗೆ ಸಲ್ಲಬೇಕಾದ ಕ್ರಮದಲ್ಲಿಯೇ ಅವನ ಹೆಸರನ್ನೂ ಕೊಡುವುದು ಅವರ ಕೈಯಲ್ಲಿಯೇ ಇದೆ.

ಇನ್ನು ತಂದೆತಾಯಿಗಳು. ಮಗಳು ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ "ಎಷ್ಟಾಯಿತಮ್ಮ?" ಎಂದು ಕೇಳುವುದನ್ನು ಬಿಟ್ಟು, ಯಾವ ರೋಗಿಯನ್ನು ನೋಡಿ ಅವಳಿಗೆ ಆ ಪ್ರಶ್ನೆ ಹುಟ್ಟಿತೆಂದು ಕೇಳಿ ನೋಡಿ. ವೈದ್ಯಶಾಸ್ತ್ರ ನಿಮಗೆ ಅರ್ಥವಾಗಬೇಕಾಗಿಲ್ಲ. ಅವಳು ಹೇಳತೊಡಗಿದರೆ ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಳ್ಳಿ. ಹೇಳಲು ಏನೂ ಇಲ್ಲದಿದ್ದರೆ ಅದೂ ನಿಮಗೆ ಗೊತ್ತಾಗುತ್ತದೆ.